ಎಲ್ ಬೋರ್ಡಿನಿಂದ ಡಿಎಲ್ ತನಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗಾಡಿ ಕಲಿಯುತ್ತಿರುವವರು, ಕಲಿಯಲು ಹೊರಟವರು ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಆರ್‌ಟಿಒ ಕಾಗದಪತ್ರದ ಬಗ್ಗೆ, ಉಳಿದವು ಬಹುಪಾಲು ಕ್ಲಚ್ಚಿನ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನನಗೆ 17 ವರ್ಷ. ಕಾಲೇಜು ದೂರ, ಬಸ್ಸು ಸರಿಯಾದ ಹೊತ್ತಿಗೆ ಬರುವುದಿಲ್ಲ. 16 ತುಂಬಿದರೆ ಗೇರ್ ಇಲ್ಲದ ಸ್ಕೂಟರ್‌ಗೆ ಲೈಸೆನ್ಸ್ ಸಿಗುತ್ತದೆ ಎಂದು ಗೆಳತಿಯರು ಹೇಳುತ್ತಾರೆ. ಅಮ್ಮನ ಸ್ಕೂಟರ್ ಓಡಿಸಬಹುದೇ?
— ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಓಡಿಸುವಂತಿಲ್ಲ. ಗೆಳತಿಯರು ಹೇಳಿದ್ದು ಅರ್ಧ ಮಾತ್ರ ಸರಿ. 16 ತುಂಬಿದವರಿಗೆ ಹೆತ್ತವರ ಒಪ್ಪಿಗೆಯ ಮೇಲೆ ಲೈಸೆನ್ಸ್ ಕೊಡಬಹುದು ಎಂದು 1988ರ ಮೋಟಾರು ವಾಹನ ಕಾಯ್ದೆ ಹೇಳುವುದು ನಿಜ. ಆದರೆ ಅದು 50 ಸಿಸಿ ಮೀರದ ಎಂಜಿನ್ನಿನ ಗಾಡಿಗೆ. ಈಗ ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರ್‌ಗಳು 100 ಸಿಸಿಯ ಮೇಲಿನವು. ಅವಕ್ಕೆ 18 ತುಂಬಲೇಬೇಕು.

ಸಿಕ್ಕಿಬಿದ್ದರೆ ದಂಡ ಕಟ್ಟಿ ಬರಬಹುದು ಎಂದು ಹಲವು ತಂದೆತಾಯಿಗಳು ತಿಳಿದಿದ್ದಾರೆ. 2019ರ ತಿದ್ದುಪಡಿಯ ನಂತರ ವಿಷಯ ಅಷ್ಟು ಹಗುರವಲ್ಲ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ವಿಧಿಸಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಓಡಿಸಿದವರಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಸಿಗುವುದಿಲ್ಲ. ಈ ಕೊನೆಯದನ್ನು ಚೆನ್ನಾಗಿ ಯೋಚಿಸಿ: ಒಂದು ವರ್ಷ ಕಾಯಲಾಗದೆ ಎಂಟು ವರ್ಷ ಕಳೆದುಕೊಳ್ಳುವ ವ್ಯವಹಾರ ಅದು. ಅಲ್ಲಿಯವರೆಗೆ ಸೈಕಲ್ಲು ಒಳ್ಳೆಯದು. ರಸ್ತೆಯ ಎಡಗಡೆ ಹಿಡಿಯುವುದು, ತಿರುಗುವ ಮೊದಲು ಹಿಂದೆ ನೋಡುವುದು, ಕೈಸನ್ನೆ ಮಾಡುವುದು ಸೈಕಲ್ಲಿನಲ್ಲೇ ರೂಢಿಯಾದವರು ಸ್ಕೂಟರ್ ಬೇಗ ಕಲಿಯುತ್ತಾರೆ.

ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಮನೆಯಲ್ಲೇ ಕೂತು ಮಾಡಿಸಬಹುದಂತೆ. ಏಜೆಂಟರು ಮಾತ್ರ ‘ನೀವೇ ಮಾಡಿದರೆ ತಿರಸ್ಕೃತವಾಗುತ್ತದೆ’ ಎನ್ನುತ್ತಾರೆ. ಹಂತಗಳನ್ನು ತಿಳಿಸಿ.
— ಓದುಗರು, ಗೋಕಾಕ

ನೀವೇ ಮಾಡಬಹುದು, ಮಾಡಿ. ಕೇಂದ್ರ ಸಾರಿಗೆ ಸಚಿವಾಲಯದ ‘ಸಾರಥಿ ಪರಿವಾಹನ್’ ಜಾಲತಾಣದಲ್ಲಿ ಕರ್ನಾಟಕ ಆಯ್ದು, ಕಲಿಕಾ ಲೈಸೆನ್ಸ್‌ನ ಅರ್ಜಿ ತೆರೆಯಬೇಕು. ಆಧಾರ್ ದೃಢೀಕರಣಕ್ಕೆ ಒಪ್ಪಿದರೆ ಆರ್‌ಟಿಒಗೆ ಹೋಗದೆ ಮನೆಯಿಂದಲೇ ಪರೀಕ್ಷೆ ಬರೆಯಬಹುದು. ಒಪ್ಪದಿದ್ದರೆ ಮೂಲ ದಾಖಲೆ ಹಿಡಿದು ಕಚೇರಿಗೆ ಹೋಗಬೇಕು.

ಅರ್ಜಿ ಸಿಕ್ಕಿಕೊಳ್ಳುವ ಜಾಗಗಳು ಕೆಲವೇ. ಮೊದಲನೆಯದು ಹೆಸರು ಮತ್ತು ವಿಳಾಸ. ಆಧಾರ್‌ನಲ್ಲಿ ಇನಿಷಿಯಲ್ ಇದ್ದು, ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ಪೂರ್ತಿ ಇದ್ದರೆ ಲೈಸೆನ್ಸ್‌ನಲ್ಲಿ ಬರುವುದು ಆಧಾರ್‌ನ ಹೆಸರು. ಮುಂದೆ ಪಾಸ್‌ಪೋರ್ಟ್‌ಗೆ ತೊಂದರೆ ಬೇಡವೆಂದರೆ ಆಧಾರ್ ತಿದ್ದಿಸಿಕೊಂಡೇ ಅರ್ಜಿ ಹಾಕಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು, ಒಟಿಪಿ ಬರುವುದು ಅದಕ್ಕೇ. ಎರಡನೆಯದು ಗಾಡಿಯ ವರ್ಗ. ಕಾರಿಗೆಂದು ಎಲ್‌ಎಂವಿ (ಲಘು ಮೋಟಾರು ವಾಹನ) ಮಾತ್ರ ಗುರುತು ಮಾಡಿ, ಬೈಕ್ ಮರೆತು, ಆರು ತಿಂಗಳ ಮೇಲೆ ಮತ್ತೆ ಮೊದಲಿಂದ ಶುರು ಮಾಡುವವರು ಬಹಳ. ಎರಡೂ ಬೇಕಿದ್ದರೆ ಗೇರ್ ಇರುವ ಬೈಕ್ ಮತ್ತು ಎಲ್‌ಎಂವಿ ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿ. ಮೂರನೆಯದು ರಕ್ತದ ಗುಂಪು. ಗೊತ್ತಿಲ್ಲದೆ ಊಹಿಸಿ ಬರೆಯಬೇಡಿ, ಲ್ಯಾಬಿನಲ್ಲಿ ಪರೀಕ್ಷಿಸಿ ಬರೆಯಿರಿ.

ಶುಲ್ಕ ಕೇಂದ್ರ ನಿಯಮದಂತೆ ಒಂದೊಂದು ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಪರದೆಯ ಮೇಲೆ ಕಾಣುವ ಮೊತ್ತವನ್ನು ಆನ್‌ಲೈನಿನಲ್ಲೇ ಕಟ್ಟಿ, ರಸೀದಿ ಇಳಿಸಿಕೊಳ್ಳಿ. ಪರೀಕ್ಷೆಗೆ ಕ್ಯಾಮೆರಾ ಇರುವ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಮುಖಕ್ಕೆ ಎದುರಿನಿಂದ ಬೆಳಕು ಬೀಳುವಂತೆ ಕೂರಿ, ಬೆನ್ನ ಹಿಂದೆ ಕಿಟಕಿ ಬೇಡ. ಹಿಂದಿನಿಂದ ಯಾರೂ ಇಣುಕಬಾರದು.

ಪ್ರಶ್ನೆಗಳನ್ನು ಕನ್ನಡದಲ್ಲೇ ಆಯ್ದುಕೊಳ್ಳಬಹುದು. ಕನಿಷ್ಠ ಶೇ 60 ಉತ್ತರ ಸರಿಯಿರಬೇಕು. ಜನ ತಪ್ಪುವುದು ಚಿಹ್ನೆಗಳಲ್ಲಿ. ತ್ರಿಕೋನ ಎಂದರೆ ಎಚ್ಚರಿಕೆ, ಕೆಂಪು ಅಂಚಿನ ವೃತ್ತ ನಿಷೇಧ ಅಥವಾ ಮಿತಿ, ನೀಲಿ ಆಯತ ಮಾಹಿತಿ. ನೀಲಿ ವೃತ್ತವನ್ನೂ ಮಾಹಿತಿ ಎಂದುಕೊಳ್ಳುತ್ತಾರೆ. ಅದು ‘ಹೀಗೇ ಮಾಡಬೇಕು’ ಎಂಬ ಆಜ್ಞೆ. ನೀಲಿ ವೃತ್ತದ ಮೇಲೆ ಕೆಂಪು ಅಡ್ಡಗೆರೆ ಒಂದಿದ್ದರೆ ಪಾರ್ಕಿಂಗ್ ಇಲ್ಲ, ಎರಡು ಗೆರೆ ಕತ್ತರಿಯಂತೆ ದಾಟಿದ್ದರೆ ಒಂದು ಕ್ಷಣವೂ ನಿಲ್ಲಿಸುವಂತಿಲ್ಲ. ತಲೆಕೆಳಗಾದ ತ್ರಿಕೋನ ‘ದಾರಿ ಬಿಡಿ’. ರಸ್ತೆಗಳು ಕೂಡುವ ಸರ್ಕಲ್ಲಿನಲ್ಲಿ ಬಲಗಡೆಯಿಂದ ಬರುವ ಗಾಡಿಗೆ ಮೊದಲ ಹಕ್ಕು. ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಜೊತೆಗಿದ್ದವರು ಇಳಿದು ಹಳಿಯತನಕ ಹೋಗಿ ನೋಡಿ ಬರಬೇಕು, ಯಾರೂ ಇಲ್ಲದಿದ್ದರೆ ಚಾಲಕರೇ ಇಳಿಯಬೇಕು. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಈ ಉತ್ತರಗಳು ಪರೀಕ್ಷೆ ಮುಗಿದ ಮೇಲೂ ಬೇಕಾಗುತ್ತವೆ. ಬದಲಿಗೆ ಬೇರೆಯವರಿಂದ ಉತ್ತರ ಒತ್ತಿಸಿಕೊಂಡವರು ರಸ್ತೆಯ ಭಾಷೆ ಓದಲು ಬಾರದೆ ರಸ್ತೆಗಿಳಿಯುತ್ತಾರೆ.

43 ವರ್ಷ. ಕನ್ನಡಕ ಇದೆ. ಈಗ ಕಾರು ಕಲಿಯಲು ಆಗುತ್ತದೆಯೇ, ವೈದ್ಯರ ಪತ್ರ ಬೇಕೇ?
— ಗೃಹಿಣಿ, ಮೈಸೂರು

40 ದಾಟಿದವರು ನಮೂನೆ 1ಎ, ಅಂದರೆ ನೋಂದಾಯಿತ ವೈದ್ಯರ ಸಹಿಯ ಪ್ರಮಾಣಪತ್ರ ಕೊಡಬೇಕು. ಅದಕ್ಕಿಂತ ಚಿಕ್ಕವರು ಖಾಸಗಿ ಗಾಡಿಗೆ ನಮೂನೆ 1ರಲ್ಲಿ ತಾವೇ ಘೋಷಿಸಿದರೆ ಸಾಕು. ಕನ್ನಡಕ ಅಡ್ಡಿಯಲ್ಲ. ಹಗಲು ಬೆಳಕಿನಲ್ಲಿ, ಕನ್ನಡಕ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಬಂದರೆ ಆಯಿತು. 25 ದೊಡ್ಡ ಹೆಜ್ಜೆ ಅಳೆದು ಮನೆ ಮುಂದೆಯೇ ನೋಡಿಕೊಳ್ಳಿ. ಓದಲು ಕಷ್ಟವಾದರೆ ಕನ್ನಡಕದ ನಂಬರ್ ಬದಲಾಗಿರುತ್ತದೆ, ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬಣ್ಣ ಗುರುತಿಸುವುದರಲ್ಲಿ ಸೌಮ್ಯ ಅಥವಾ ಮಧ್ಯಮ ದೋಷ ಇದ್ದವರಿಗೂ 2020ರ ತಿದ್ದುಪಡಿಯಿಂದ ಅವಕಾಶ ಸಿಕ್ಕಿದೆ. ಮೂರ್ಛೆ ರೋಗ, ಇದ್ದಕ್ಕಿದ್ದಂತೆ ತಲೆ ಸುತ್ತಿ ಬೀಳುವುದು, ಇರುಳುಗಣ್ಣು ಇದ್ದರೆ ಮುಚ್ಚಿಡಬೇಡಿ.

ಈ ವಯಸ್ಸಿನಲ್ಲಿ ಕೈಕಾಲಿನ ಹೊಂದಾಣಿಕೆ ಇಪ್ಪತ್ತರಲ್ಲಿ ಬಂದಷ್ಟು ಬೇಗ ಬರಲಿಕ್ಕಿಲ್ಲ, ಆದರೆ ಎದುರಿನವನು ಏನು ಮಾಡಬಹುದು ಎಂಬ ಅಂದಾಜು ನಿಮಗೆ ಬೇಗ ಸಿಗುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಬಿಡದೆ ಕಲಿಯಿರಿ. ವಾರಕ್ಕೊಮ್ಮೆ ಎರಡು ಗಂಟೆ ಓಡಿಸಿದರೆ ಪ್ರತಿ ಸಲ ಮೊದಲಿಂದ ಶುರು ಮಾಡಿದಂತಾಗುತ್ತದೆ.

ಡ್ರೈವಿಂಗ್ ಸ್ಕೂಲಿನವರು 15 ದಿನದ ಕೋರ್ಸ್ ಎಂದು ಹಣ ಕಟ್ಟಿಸಿಕೊಂಡಿದ್ದಾರೆ. ಒಂದೇ ಕಾರಿನಲ್ಲಿ ನಾಲ್ಕು ಜನ ಹೋಗುತ್ತೇವೆ. ನನಗೆ ಸ್ಟಿಯರಿಂಗ್ ಸಿಗುವುದು ಹತ್ತು ನಿಮಿಷ. ಇದು ಸರಿಯೇ?
— ಓದುಗರು, ಹುಬ್ಬಳ್ಳಿ

ಸರಿಯಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಖಾಸಗಿ ಗಾಡಿಯ ತರಬೇತಿ ಕನಿಷ್ಠ 21 ದಿನ, ಅದರಲ್ಲಿ ಸ್ಟಿಯರಿಂಗ್ ನಿಮ್ಮ ಕೈಯಲ್ಲೇ ಇರುವ ಹೊತ್ತು ಕನಿಷ್ಠ 10 ಗಂಟೆ. ನಿಮ್ಮ ಲೆಕ್ಕ ನೋಡಿ: ದಿನಕ್ಕೆ 10 ನಿಮಿಷ, 15 ದಿನ ಎಂದರೆ ಎರಡೂವರೆ ಗಂಟೆ. ಕಾಲು ಭಾಗ ಕಲಿಸಿ ಪೂರ್ತಿ ಕಲಿಸಿದೆವು ಎನ್ನುವುದು ಇದು. ಸ್ಕೂಲಿನಲ್ಲಿ ನಮೂನೆ 15 ಎಂಬ ಪುಸ್ತಕ ಇರಲೇಬೇಕು. ಯಾವ ದಿನ ಎಷ್ಟು ಹೊತ್ತು ಓಡಿಸಿದಿರಿ ಎಂದು ಬರೆದು ಅದರಲ್ಲಿ ನಿಮ್ಮ ಸಹಿ ಪಡೆಯಬೇಕು. ಓಡಿಸದ ಗಂಟೆಗೆ ಸಹಿ ಹಾಕಬೇಡಿ. ಖಾಲಿ ಸಾಲಿಗಂತೂ ಹಾಕಲೇಬೇಡಿ.

ಸ್ಕೂಲಿನ ಕಾರಿನಲ್ಲಿ ತರಬೇತುದಾರರ ಕಾಲ ಬಳಿಯೂ ಬ್ರೇಕ್, ಕ್ಲಚ್ ಇರುತ್ತವೆ. ಇದು ಸುರಕ್ಷತೆಗೆ ಬೇಕೇ ಬೇಕು. ಆದರೆ ಇಲ್ಲೇ ಇನ್ನೊಂದು ಸಮಸ್ಯೆ ಹುಟ್ಟುತ್ತದೆ: ಕಾರು ಆಫ್ ಆಗದಂತೆ ಅವರೇ ಕ್ಲಚ್ ಒತ್ತುತ್ತಾ ಹೋದರೆ ‘ನನಗೆ ಬಂತು’ ಎಂದು ನಿಮಗೆ ಅನಿಸುತ್ತದೆ, ಸ್ವಂತ ಕಾರಿನಲ್ಲಿ ಕೂತಾಗ ಒಂದೂ ಬರುವುದಿಲ್ಲ. ಎರಡನೇ ವಾರದಿಂದ ‘ಸರ್, ಆಫ್ ಆದರೂ ಪರವಾಗಿಲ್ಲ, ಕ್ಲಚ್ ನನಗೇ ಬಿಡಿ’ ಎಂದು ಬಾಯಿಬಿಟ್ಟು ಕೇಳಿ. ಸೇರುವ ಮೊದಲೇ ಕೇಳಬೇಕಾದವು: ಕಾರಿನಲ್ಲಿ ಒಮ್ಮೆಗೆ ಎಷ್ಟು ಕಲಿಯುವವರು? ರಿವರ್ಸ್, ಏರು, ರಾತ್ರಿ ಚಾಲನೆ ಕಲಿಸುತ್ತೀರಾ? ಮೈದಾನ ಇದೆಯಾ, ನೇರ ರಸ್ತೆಯಾ? ಇವಕ್ಕೆ ಸ್ಪಷ್ಟ ಉತ್ತರ ಬರದಿದ್ದರೆ ಇನ್ನೊಂದು ಸ್ಕೂಲು ನೋಡಿ.

ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಇದ್ದರೆ ಈಗ ಆರ್‌ಟಿಒ ಟೆಸ್ಟ್ ಬೇಡ ಎಂದು ವಾಟ್ಸಾಪ್‌ನಲ್ಲಿ ಬಂದಿದೆ.
— ಓದುಗರು, ಚಿತ್ರದುರ್ಗ

ಸಾಮಾನ್ಯ ಡ್ರೈವಿಂಗ್ ಸ್ಕೂಲಿಗೆ ಇದು ಅನ್ವಯಿಸುವುದಿಲ್ಲ. 2021ರ ಜುಲೈ 1ರಿಂದ ಜಾರಿಗೆ ಬಂದ ನಿಯಮದಂತೆ ‘ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ’ಗಳಲ್ಲಿ ಕಲಿತು ಅಲ್ಲಿನ ಪರೀಕ್ಷೆ ಪಾಸಾದವರಿಗೆ ಮಾತ್ರ ಆ ವಿನಾಯಿತಿ. ಅಲ್ಲಿ ಕಾರಿನ ಕೋರ್ಸ್ 29 ಗಂಟೆ, 8 ಪಾಠ, 21 ಚಾಲನೆ. ಸಿಮ್ಯುಲೇಟರ್, ಸ್ವಂತ ಟ್ರ್ಯಾಕ್ ಇರಬೇಕು. ಬೀದಿ ಬದಿಯ ಸ್ಕೂಲಿನ ನಮೂನೆ 5 ಪತ್ರ ಹಿಡಿದು ಹೋದರೂ ಟೆಸ್ಟ್ ಕೊಡಲೇಬೇಕು.

ಕ್ಲಚ್ ಬಿಟ್ಟ ಕೂಡಲೇ ಕಾರು ಗಕ್ಕನೆ ಜಿಗಿದು ಆಫ್ ಆಗುತ್ತದೆ. ಹಿಂದಿನವರ ಹಾರನ್ ಕೇಳಿದರೆ ಇನ್ನೂ ಗಾಬರಿ. ಎಷ್ಟು ಹೇಳಿಸಿಕೊಂಡರೂ ‘ನಿಧಾನ ಬಿಡಿ’ ಎನ್ನುತ್ತಾರೆಯೇ ಹೊರತು ಹೇಗೆ ಎಂದು ಹೇಳುವುದಿಲ್ಲ.
— ಓದುಗರು, ತುಮಕೂರು (ಇದೇ ಪ್ರಶ್ನೆ ಶಿರಸಿ, ಬಳ್ಳಾರಿ, ಕೋಲಾರದಿಂದಲೂ)

‘ನಿಧಾನ ಬಿಡಿ’ ಎನ್ನುವುದು ಅರೆ ಸಲಹೆ. ಇಡೀ ಪೆಡಲ್ ನಿಧಾನ ಬಿಡಬೇಕಿಲ್ಲ. ಎಲ್ಲಿ ನಿಧಾನ, ಎಲ್ಲಿ ಪೂರ್ತಿ ನಿಲ್ಲಬೇಕು ಎಂಬುದೇ ವಿಷಯ.

ನಿಂತ ಕಾರಿನಲ್ಲಿ ಎಂಜಿನ್ ತಿರುಗುತ್ತಿರುತ್ತದೆ, ಚಕ್ರ ತಿರುಗುತ್ತಿರುವುದಿಲ್ಲ. ಇವೆರಡನ್ನು ಕೂಡಿಸುವುದು ಕ್ಲಚ್ ಪ್ಲೇಟ್. ಪೆಡಲ್ ಪೂರ್ತಿ ಒತ್ತಿದಾಗ ಎರಡೂ ಬೇರೆ, ಪೂರ್ತಿ ಬಿಟ್ಟಾಗ ಎರಡೂ ಒಂದೇ. ಒಮ್ಮೆಲೇ ಕೂಡಿಸಿದರೆ ನಿಂತ ಚಕ್ರ, ತಿರುಗುವ ಎಂಜಿನ್ನನ್ನು ಹಿಡಿದು ನಿಲ್ಲಿಸುತ್ತದೆ. ಅದೇ ಆ ಜಿಗಿತ, ಅದೇ ಆಫ್ ಆಗುವುದು. ನಡುವೆ ಒಂದು ಜಾಗ ಇದೆ: ಪ್ಲೇಟುಗಳು ಉಜ್ಜುತ್ತಾ ಚಕ್ರವನ್ನು ಮೆಲ್ಲಗೆ ಎಳೆಯಲು ಶುರು ಮಾಡುವ ಜಾಗ. ನಾವು ಹಾಫ್ ಕ್ಲಚ್ ಎನ್ನುವುದು ಅದನ್ನೇ. ಪ್ರತಿ ಕಾರಿನಲ್ಲಿ ಅದು ಬೇರೆ ಎತ್ತರದಲ್ಲಿರುತ್ತದೆ. ಹೊಸ ಕಾರಿನಲ್ಲಿ ಕೆಳಗೆ, ಸವೆದ ಕ್ಲಚ್ಚಿನಲ್ಲಿ ಸಾಮಾನ್ಯವಾಗಿ ಮೇಲೆ.

ಆ ಜಾಗವನ್ನು ಕಾಲಿಗೆ ಕಲಿಸುವ ಅಭ್ಯಾಸ ಹೀಗೆ. ಸಮತಟ್ಟಾದ ಖಾಲಿ ಮೈದಾನಕ್ಕೆ ಹೋಗಿ. ಸೀಟನ್ನು ಮುಂದೆ ತಂದು, ಕ್ಲಚ್ ತಳಮುಟ್ಟ ಒತ್ತಿದಾಗಲೂ ಮಂಡಿ ಸ್ವಲ್ಪ ಬಗ್ಗಿರುವಂತೆ ಕೂರಿ. ದಪ್ಪ ಅಟ್ಟೆಯ ಶೂ, ಹಿಂಬದಿ ಪಟ್ಟಿಯಿಲ್ಲದ ಚಪ್ಪಲಿ ಬೇಡ. ಎಂಜಿನ್ ಶುರು ಮಾಡಿ, ಮೊದಲ ಗೇರ್ ಹಾಕಿ. ಆಕ್ಸಿಲರೇಟರ್ ಮುಟ್ಟಲೇಬೇಡಿ. ಬಲಗಾಲು ಬ್ರೇಕಿನ ಮೇಲೆ ತೇಲಿಸಿ. ಎಡ ಹಿಮ್ಮಡಿ ನೆಲಕ್ಕೆ ಊರಿ ಕ್ಲಚ್ಚನ್ನು ಎತ್ತುತ್ತಾ ಬನ್ನಿ. ಎಂಜಿನ್ ದನಿ ತುಸು ತಗ್ಗಿ, ಕಾರು ಸಣ್ಣಗೆ ನಡುಗುತ್ತದೆ. ಅಲ್ಲೇ ಕಾಲು ನಿಲ್ಲಿಸಿ. ಕಾರು ತಾನಾಗಿ ತೆವಳುತ್ತದೆ. ಎರಡು ಸೆಕೆಂಡ್ ಹಾಗೇ ಹಿಡಿದು, ಮತ್ತೆ ಕ್ಲಚ್ ಒತ್ತಿ ಬ್ರೇಕ್ ಹಾಕಿ. ಇದನ್ನೇ ಒಂದು ದಿನಕ್ಕೆ 25-30 ಬಾರಿ ಮಾಡಿ. ಎರಡು ದಿನ ಇಷ್ಟೇ ಮಾಡಿದರೆ ಮೂರನೇ ದಿನ ಆಕ್ಸಿಲರೇಟರ್ ಸೇರಿಸಬಹುದು. ಜನ ತಪ್ಪು ಮಾಡುವುದು ಕಾರು ಚಲಿಸಿದ ಕ್ಷಣದಲ್ಲಿ: ‘ಹೊರಟಿತು’ ಎಂಬ ಸಮಾಧಾನಕ್ಕೆ ಎಡಗಾಲು ಪೂರ್ತಿ ಸಡಿಲಬಿಡುತ್ತಾರೆ. ಆ ಎರಡು ಸೆಕೆಂಡ್ ಕಾಲು ಅಲ್ಲೇ ನಿಂತರೆ ಕಾರು ಆಫ್ ಆಗುವುದಿಲ್ಲ.

ಗಾಡಿ ಓಡತೊಡಗಿದ ಮೇಲೆ ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಳ್ಳಬೇಡಿ, ಪಕ್ಕಕ್ಕೆ ಇಡಿ. ಕಾಲಿನ ಭಾರಕ್ಕೇ ಪ್ಲೇಟ್ ಅರೆಬರೆ ಉಜ್ಜಿ ಸುಟ್ಟ ವಾಸನೆ ಬರುತ್ತದೆ. ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಆರಲು ಬಿಡಿ.

ನಿಲ್ಲಿಸುವಾಗ ಉಲ್ಟಾ ತಪ್ಪು. ಹೊಸಬರು ಮೊದಲು ಕ್ಲಚ್ ಒತ್ತುತ್ತಾರೆ. ಒತ್ತಿದ ಕೂಡಲೇ ಎಂಜಿನ್ನಿನ ಹಿಡಿತ ತಪ್ಪಿ ಕಾರು ಜಾರಿಕೊಂಡು ಮುಂದೆ ಹೋಗುತ್ತದೆ. ಮೊದಲು ಬ್ರೇಕ್, ವೇಗ ತಗ್ಗಿ ಇನ್ನೇನು ಎಂಜಿನ್ ತಡವರಿಸುತ್ತದೆ ಎನ್ನುವಾಗ ಕ್ಲಚ್. ತುರ್ತಿನಲ್ಲಿ ಮಾತ್ರ ಎರಡನ್ನೂ ಒಟ್ಟಿಗೆ ಒತ್ತಿ.

ಸಿಗ್ನಲ್ಲಿನಲ್ಲಿ ಕಾರು ಆಫ್ ಆಗಿ ಹಾರನ್ ಶುರುವಾದರೆ: ಬ್ರೇಕ್, ಕ್ಲಚ್, ನ್ಯೂಟ್ರಲ್, ಕೀ, ಮೊದಲ ಗೇರ್. ಇದೇ ಕ್ರಮವನ್ನು ಖಾಲಿ ಜಾಗದಲ್ಲಿ ಬೇಕೆಂದೇ ಕಾರು ಆಫ್ ಮಾಡಿ ಅಭ್ಯಾಸ ಮಾಡಿಕೊಂಡರೆ ಐದಾರು ಸೆಕೆಂಡಿನ ಕೆಲಸ. ಹಿಂದಿನವರು ಅಷ್ಟು ಕಾಯಲಿ.

ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಕಾರು ಹಿಂದೆ ಜಾರುತ್ತದೆ. ನಮ್ಮೂರಿನಲ್ಲಿ ಏರಿಲ್ಲದ ರಸ್ತೆಯೇ ಇಲ್ಲ. ಘಾಟಿ ಇಳಿಯುವುದನ್ನೂ ಹೇಳಿಕೊಡಿ.
— ಓದುಗರು, ಮಡಿಕೇರಿ

ಏರಿನಲ್ಲಿ ಹೊರಡಲು ಹ್ಯಾಂಡ್ ಬ್ರೇಕ್ ಬಳಸುವುದು ಸರಿಯಾದ ವಿಧಾನ. ಹೊಸಬರು ಅದನ್ನು ಬಿಟ್ಟು ಕಾಲಿನ ಚುರುಕನ್ನೇ ನಂಬುತ್ತಾರೆ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ತುಸು ಒತ್ತಿ. ಎಂಜಿನ್ನಿನ ಸುತ್ತು ತೋರಿಸುವ ಮೀಟರಿನಲ್ಲಿ 1,500ರ ಆಸುಪಾಸು ಇದ್ದರೆ ಸಾಕು. ಈಗ ಕ್ಲಚ್ಚನ್ನು ಹಾಫ್ ಕ್ಲಚ್ ತನಕ ಎತ್ತಿ. ಎಂಜಿನ್ ದನಿ ಭಾರವಾಗಿ ಬಾನೆಟ್ ಸ್ವಲ್ಪ ಮೇಲೇಳುತ್ತದೆ. ಅದು ಕಂಡ ಮೇಲೆಯೇ ಹ್ಯಾಂಡ್ ಬ್ರೇಕ್ ಗುಂಡಿ ಒತ್ತಿ ಇಳಿಸಿ. ಕಾರು ಮುಂದೆ ಹೋಗುತ್ತದೆ. ಬಾನೆಟ್ ಏಳುವ ಮೊದಲು ಇಳಿಸಿದರೆ ಜಾರುತ್ತದೆ, ಎದ್ದ ಮೇಲೂ ಬಹಳ ಹೊತ್ತು ಹಿಡಿದರೆ ಕ್ಲಚ್ ಸುಡುತ್ತದೆ. ಕೆಲವು ಹೊಸ ಕಾರುಗಳು ಬ್ರೇಕ್ ಬಿಟ್ಟ ಮೇಲೂ ಎರಡು ಮೂರು ಸೆಕೆಂಡ್ ತಾವೇ ಹಿಡಿದುಕೊಳ್ಳುತ್ತವೆ. ಆದರೂ ಹ್ಯಾಂಡ್ ಬ್ರೇಕ್ ವಿಧಾನ ಕಲಿಯಿರಿ, ನಾಳೆ ಓಡಿಸುವ ಕಾರಿನಲ್ಲಿ ಆ ಸೌಲಭ್ಯ ಇರಲಿಕ್ಕಿಲ್ಲ.

ಘಾಟಿ ಇಳಿಯುವಾಗ, ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಂಥ ಕಡೆ ಎರಡನೆಯದು, ಕಡಿದಾದ ತಿರುವಿನಲ್ಲಿ ಮೊದಲನೆಯದು. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕನ್ನು ಆಗಾಗ ಒತ್ತಿ ಬಿಟ್ಟರೆ ಸಾಕು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಎಂಜಿನ್ ಆಫ್ ಮಾಡುವುದು ಪ್ರಾಣಕ್ಕೇ ಅಪಾಯ. ಎಂಜಿನ್ ನಿಂತರೆ ಬ್ರೇಕಿನ ಸಹಾಯಕ ಬಲ ನಾಲ್ಕಾರು ಒತ್ತಿಗೆ ಮುಗಿಯುತ್ತದೆ, ಸ್ಟಿಯರಿಂಗ್ ಕಲ್ಲಾಗುತ್ತದೆ. ಕಿರಿದಾದ ಕಡಿದು ರಸ್ತೆಯಲ್ಲಿ ಎದುರುಬದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಇದು 2017ರ ಚಾಲನಾ ನಿಯಮಾವಳಿಯಲ್ಲೇ ಇದೆ. ಚಾರ್ಮಾಡಿ, ಶಿರಾಡಿ ಕಡೆ ಮಂಜು ಕವಿದಾಗ ಹೈಬೀಮ್ ಹಾಕಬೇಡಿ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ.

ಎಲ್‌ಎಲ್‌ಆರ್ ಬಂದಿದೆ. ಮನೆಯವರ ಕಾರಿನಲ್ಲಿ ನಾನೊಬ್ಬಳೇ ಬೆಳಗಿನ ಜಾವ ಅಭ್ಯಾಸ ಮಾಡಬಹುದೇ? ಏನಾದರೂ ಆದರೆ ಇನ್ಶೂರೆನ್ಸ್ ಬರುತ್ತದೆಯೇ?
— ಓದುಗರು, ಶಿವಮೊಗ್ಗ

ಒಬ್ಬರೇ ಕೂಡದು. ಲೈಸೆನ್ಸ್ ಇರುವವರೊಬ್ಬರು ಪಕ್ಕದಲ್ಲಿ, ಬೇಕಾದರೆ ಗಾಡಿ ನಿಲ್ಲಿಸಬಲ್ಲ ಹಾಗೆ ಕೂತಿರಬೇಕು. ಅವರ ಕೈಗೆ ಹ್ಯಾಂಡ್ ಬ್ರೇಕ್ ಎಟುಕಬೇಕು. ಅವರು ಮೊಬೈಲ್ ನೋಡುತ್ತಾ ಕೂತರೆ ಕೂತಿದ್ದೂ ಇಲ್ಲದಂತೆ. ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಬೇಕು: ಬಿಳಿ ಚೌಕ ಕನಿಷ್ಠ 18 ಸೆಂ.ಮೀ., ಅಕ್ಷರದ ಎತ್ತರ 10 ಸೆಂ.ಮೀ., ದಪ್ಪ 2 ಸೆಂ.ಮೀ., ಬುಡದ ಅಗಲ 9 ಸೆಂ.ಮೀ. ಬೈಕ್ ಕಲಿಯುವವರು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಇನ್ಶೂರೆನ್ಸ್ ವಿಷಯ ಇದಕ್ಕೇ ಅಂಟಿಕೊಂಡಿದೆ. ಪಾಲಿಸಿಯ ಚಾಲಕರ ಷರತ್ತನ್ನು ತೆಗೆದು ಓದಿ: ಕಲಿಕಾ ಲೈಸೆನ್ಸ್ ಇರುವವರೂ ಓಡಿಸಬಹುದು, ಆದರೆ ಕೇಂದ್ರ ಮೋಟಾರು ವಾಹನ ನಿಯಮ 3ನ್ನು ಪಾಲಿಸಿರಬೇಕು ಎಂದಿರುತ್ತದೆ. ಮೇಲೆ ಹೇಳಿದ್ದೇ ಆ ನಿಯಮ. ಬೋರ್ಡ್ ಇಲ್ಲದೆ, ಪಕ್ಕದಲ್ಲಿ ಯಾರೂ ಇಲ್ಲದೆ ಓಡಿಸಿ ಅಪಘಾತವಾದರೆ ಕ್ಲೇಮ್ ನಿರಾಕರಿಸಲು ಕಂಪನಿಗೆ ಕಾರಣ ಕೊಟ್ಟಂತೆ.

ಬೈಕಿನಲ್ಲಿ 8ರ ಆಕಾರದ ಸುತ್ತು ಹಾಕುವಾಗ ನಡುವೆ ಕಾಲು ಊರುತ್ತೇನೆ.
— ಓದುಗರು, ವಿಜಯಪುರ

ಮುಂದಿನ ಚಕ್ರ ನೋಡುತ್ತಿದ್ದೀರಿ. ಅದನ್ನು ನೋಡಬೇಡಿ. ತಲೆ ತಿರುಗಿಸಿ, ತಿರುವು ಮುಗಿಯುವ ಜಾಗ ನೋಡಿ. ಕಣ್ಣು ಹೋದ ಕಡೆ ಬೈಕು ಬರುತ್ತದೆ. ಮೊದಲ ಗೇರ್, ಹಾಫ್ ಕ್ಲಚ್, ಆಕ್ಸಿಲರೇಟರ್ ಒಂದೇ ಮಟ್ಟ. ವೇಗವನ್ನು ಹಿಂದಿನ ಬ್ರೇಕಿನಿಂದ ತಗ್ಗಿಸಿ. ಮುಂದಿನ ಬ್ರೇಕ್ ಮುಟ್ಟಿದರೆ ಹ್ಯಾಂಡಲ್ ತಿರುಗಿರುವಾಗ ಬೈಕು ಧೊಪ್ಪನೆ ಬೀಳುತ್ತದೆ. ಸ್ಕೂಟರಿನಲ್ಲೂ ಹೀಗೇ: ಆಕ್ಸಿಲರೇಟರ್ ತುಸು ಹಿಡಿದುಕೊಂಡೇ ಹಿಂದಿನ ಬ್ರೇಕನ್ನು ಎಳೆದುಕೊಂಡು ಹೋಗಿ. ಹೆಲ್ಮೆಟ್ ಹಾಕಿಕೊಂಡೇ ಅಭ್ಯಾಸ ಮಾಡಿ, ಅದರ ಭಾರಕ್ಕೆ ಕುತ್ತಿಗೆ ಒಗ್ಗಬೇಕು.

ಡಿಎಲ್ ಟೆಸ್ಟಿನ ದಿನ ಏನೇನು ನೋಡುತ್ತಾರೆ? ಜನ ಯಾಕೆ ಫೇಲ್ ಆಗುತ್ತಾರೆ? ಮೊದಲ ಸಲ ಫೇಲ್ ಆದರೆ ಮುಂದೇನು?
— ಓದುಗರು, ಬೆಂಗಳೂರು

ಎಲ್‌ಎಲ್‌ಆರ್ ಸಿಕ್ಕ ದಿನದಿಂದ 30 ದಿನ ಕಳೆಯಬೇಕು, 6 ತಿಂಗಳ ಒಳಗಿರಬೇಕು. 31ನೇ ದಿನವೇ ಟೆಸ್ಟ್ ಬುಕ್ ಮಾಡುವ ಅವಸರ ಬೇಡ ಎಂಬುದು ನಮ್ಮ ಸಲಹೆ. ಕಾನೂನು ಆರು ತಿಂಗಳು ಕೊಟ್ಟಿದೆ. ಹತ್ತು ಗಂಟೆ ಸ್ಕೂಲಿನಲ್ಲಿ, ಇನ್ನೊಂದಿಷ್ಟು ಮನೆಯವರ ಜೊತೆ ಓಡಿಸಿ ಹೋಗಿ. ಬೇರೆ ಜಿಲ್ಲೆಯಿಂದ ಬಂದು ಇಲ್ಲಿ ನೆಲೆಸಿದವರು ಊರಿಗೇ ಹೋಗಬೇಕಿಲ್ಲ. ರಾಜ್ಯದ ಯಾವ ಆರ್‌ಟಿಒದಲ್ಲಾದರೂ ಅರ್ಜಿ ಹಾಕಲು 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಟೆಸ್ಟಿಗೆ ಒಂದೊಂದು ವರ್ಗಕ್ಕೆ 300 ರೂಪಾಯಿ, ಲೈಸೆನ್ಸ್‌ಗೆ 200, ಇದರ ಮೇಲೆ ಕಾರ್ಡಿನ ಶುಲ್ಕ.

ಗಾಡಿ ನೀವೇ ಒಯ್ಯಬೇಕು, ಇಲ್ಲವೇ ಸ್ಕೂಲಿನದು. ಅದರ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ. ಎಮಿಷನ್ ಮುಗಿದದ್ದು ಗೇಟಿನಲ್ಲಿ ಗೊತ್ತಾಗಿ ವಾಪಸಾಗುವವರಿದ್ದಾರೆ. ಎಲ್ ಬೋರ್ಡ್, ಮೂಲ ಎಲ್‌ಎಲ್‌ಆರ್, ಬೈಕಾದರೆ ಹೆಲ್ಮೆಟ್.

ಮೋಟಾರು ವಾಹನ ನಿರೀಕ್ಷಕರು, ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರು, ನೀವು ಕಾರಿನಲ್ಲಿ ಕೂತ ಕ್ಷಣದಿಂದಲೇ ಗಮನಿಸುತ್ತಾರೆ. ಸೀಟು, ಕನ್ನಡಿ, ಬೆಲ್ಟ್, ನ್ಯೂಟ್ರಲ್ ಖಾತ್ರಿ, ಆಮೇಲೆ ಕೀ. ಹೊರಡುವಾಗ ಇಂಡಿಕೇಟರ್ ಹಾಕಿ, ಬಲಭುಜದ ಮೇಲಿಂದ ಒಮ್ಮೆ ನೋಡಿ. ಗೇರ್ ಬದಲಿಸುವುದು, ಸನ್ನೆ, ಏರಿನಲ್ಲಿ ಜಾರದೆ ಹೊರಡುವುದು, ರಿವರ್ಸಿನಲ್ಲಿ ಕಿರಿದಾದ ಜಾಗಕ್ಕೆ ನುಗ್ಗಿಸುವುದು ಇವೆಲ್ಲ ನಿಯಮ 15ರ ಪಟ್ಟಿಯಲ್ಲಿವೆ. ಬೆಂಗಳೂರಿನ ಜ್ಞಾನಭಾರತಿಯಂಥ ಸ್ವಯಂಚಾಲಿತ ಟ್ರ್ಯಾಕ್‌ನಲ್ಲಿ ಗೆರೆ ಮುಟ್ಟಿದ್ದು, ಹಿಂದೆ ಜಾರಿದ್ದು ಸೆನ್ಸರಿನಲ್ಲೇ ದಾಖಲಾಗುತ್ತದೆ. ಅಲ್ಲಿ ‘ಸ್ವಲ್ಪವೇ ತಾಗಿತು ಸರ್’ ಎಂಬ ಮಾತಿಗೆ ಜಾಗವಿಲ್ಲ. ಹಿಂದಿನ ದಿನ ಹೋಗಿ ಟ್ರ್ಯಾಕ್ ಹೇಗಿದೆ ಎಂದು ಹೊರಗಿನಿಂದ ನೋಡಿಕೊಂಡು ಬನ್ನಿ.

ಫೇಲ್ ಆಗುವುದು ಹೆಚ್ಚಾಗಿ ರಿವರ್ಸಿನಲ್ಲಿ. ಕಾರಣ ವೇಗ. ಸಮತಟ್ಟು ಜಾಗದಲ್ಲಿ ರಿವರ್ಸಿಗೆ ಆಕ್ಸಿಲರೇಟರ್ ಬೇಡ, ಹಾಫ್ ಕ್ಲಚ್ಚೇ ಸಾಕು. ಹಿಂಬದಿ ಯಾವ ಕಡೆ ಹೋಗಬೇಕೋ ಸ್ಟಿಯರಿಂಗನ್ನು ಆ ಕಡೆಗೇ ತಿರುಗಿಸಿ. ಆಗ ಕಾರಿನ ಮೂತಿ ವಿರುದ್ಧ ದಿಕ್ಕಿಗೆ ಅಗಲವಾಗಿ ಹೊರಳುತ್ತದೆ, ಕಂಬಕ್ಕೆ ತಾಗುವುದು ಹೆಚ್ಚಾಗಿ ಅದೇ. ದಿಕ್ಕು ತಪ್ಪಿದರೆ ಚಲಿಸುತ್ತಲೇ ಸರಿಪಡಿಸಲು ಹೋಗದೆ, ನಿಯಮ ಅವಕಾಶ ಕೊಟ್ಟ ಕಡೆ ನಿಂತು, ಸ್ಟಿಯರಿಂಗ್ ನೇರ ಮಾಡಿ, ಮತ್ತೆ ಹೊರಡಿ.

ಫೇಲ್ ಆದರೆ 7 ದಿನದ ನಂತರ ಮತ್ತೆ ಟೆಸ್ಟ್. ಮೂರು ಸಲ ಆಗದಿದ್ದರೆ ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು, ಸ್ಕೂಲಿನಲ್ಲಿ ಪುನಃ ತರಬೇತಿ ಪಡೆಯಬೇಕು. ಅಷ್ಟರಲ್ಲಿ ಎಲ್‌ಎಲ್‌ಆರ್ ಅವಧಿ ಮುಗಿದರೆ ಹೊಸದು ಬೇಕು. ಕೊನೆಯ ತಿಂಗಳಿಗೆ ಟೆಸ್ಟ್ ದೂಡಬೇಡಿ ಎನ್ನುವುದು ಇದಕ್ಕೇ. ಮೂರನೇ ಅಥವಾ ನಾಲ್ಕನೇ ತಿಂಗಳು ಸರಿಯಾದ ಹೊತ್ತು.

ಆಟೊಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಬೇರೆ ಲೈಸೆನ್ಸಾ?
— ಓದುಗರು, ಉಡುಪಿ

ಕಾಯ್ದೆಯಲ್ಲಿ ಗೇರ್ ಇರುವ ಮತ್ತು ಇಲ್ಲದ ಎಂಬ ವಿಭಾಗ ಇರುವುದು ಬೈಕಿಗೆ. ಕಾರಿಗೆ ಒಂದೇ ವರ್ಗ, ಎಲ್‌ಎಂವಿ. ಆದರೆ ಆಟೊಮ್ಯಾಟಿಕ್ ಮಾತ್ರ ಕಲಿತವರು ಕ್ಲಚ್ ಇರುವ ಕಾರನ್ನು ಮೈದಾನದಲ್ಲಿ ಅಭ್ಯಾಸ ಮಾಡದೆ ರಸ್ತೆಗೆ ತರಬೇಡಿ.

ಕಾರ್ಡ್ ಬಂತು. ಎಷ್ಟು ವರ್ಷ ನಡೆಯುತ್ತದೆ? ಮೊಬೈಲಿನಲ್ಲಿ ತೋರಿಸಿದರೆ ಸಾಕೇ?
— ಓದುಗರು, ಕಲಬುರಗಿ

30ರ ಒಳಗೆ ಪಡೆದರೆ 40 ತುಂಬುವ ತನಕ, 30ರಿಂದ 50ರೊಳಗೆ ಪಡೆದರೆ 10 ವರ್ಷ, 50ರಿಂದ 55ರೊಳಗಾದರೆ 60 ತುಂಬುವ ತನಕ, ನಂತರ 5 ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದವರೆಗೆ ನವೀಕರಿಸಬಹುದು. ಅದೂ ದಾಟಿದರೆ ಮತ್ತೆ ಟೆಸ್ಟ್. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿರುವ ಲೈಸೆನ್ಸ್ ಕಾರ್ಡಿನಷ್ಟೇ ಮಾನ್ಯ. ಗ್ಯಾಲರಿಯಲ್ಲಿ ಇಟ್ಟುಕೊಂಡ ಫೋಟೊ ಅಲ್ಲ.

ಮಗ ಎಂ.ಎಸ್. ಓದಲು ವಿದೇಶಕ್ಕೆ ಹೊರಟಿದ್ದಾನೆ. ಇಲ್ಲಿನ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ?
— ಓದುಗರು, ಧಾರವಾಡ

ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೊಡುತ್ತಾರೆ, ಒಂದು ವರ್ಷ ಮಾನ್ಯ. ಪಾಸ್‌ಪೋರ್ಟ್, ವೀಸಾ, ಚಾಲ್ತಿಯ ಡಿಎಲ್ ಬೇಕು. ಇಲ್ಲಿನ ಕಾರ್ಡನ್ನೂ ಜೊತೆಗೆ ಒಯ್ಯಲಿ. ಹೋಗುವ ದೇಶ, ಅಮೆರಿಕವಾದರೆ ಹೋಗುವ ರಾಜ್ಯ, ಎಷ್ಟು ದಿನ ಒಪ್ಪುತ್ತದೆ ಎಂಬುದನ್ನು ಅಲ್ಲಿನ ಸಾರಿಗೆ ಇಲಾಖೆಯ ತಾಣದಲ್ಲಿ ನೋಡಿಕೊಳ್ಳಲಿ. ಅಲ್ಲಿ ಬಲಗಡೆ ಚಾಲನೆಯಿದ್ದರೆ ಎಡಕ್ಕೆ ತಿರುಗುವಾಗಲೇ ಹೆಚ್ಚು ಜನ ತಪ್ಪು ಬದಿಗೆ ಹೋಗುವುದು.

ಲೈಸೆನ್ಸ್ ಬಂದು ತಿಂಗಳಾಯಿತು. ಹಗಲು ಧೈರ್ಯವಿದೆ, ರಾತ್ರಿ ಎದುರಿನ ಬೆಳಕಿಗೆ ಕಣ್ಣು ಕತ್ತಲಾಗುತ್ತದೆ.
— ಓದುಗರು, ಮಂಡ್ಯ

ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು, ಬ್ರೇಕ್ ಹಾಕಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 20 ಮೀಟರ್ ಮೀರಿ ಬೇಕು. ಒಟ್ಟು 40 ಮೀಟರ್ ಆಸುಪಾಸು. ಡಿಪ್ ಬೆಳಕಿನಲ್ಲಿ ರಸ್ತೆ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ ದೂರ. ಆದ್ದರಿಂದ ರಾತ್ರಿ, ಬೀದಿ ದೀಪವಿಲ್ಲದ ರಸ್ತೆಯಲ್ಲಿ ಹೊಸಬರು 50ರ ಒಳಗೇ ಇರಬೇಕು. ಮಳೆಯಿದ್ದರೆ ಇನ್ನೂ ಕಡಿಮೆ. ನಿಮ್ಮ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು, ಎತ್ತಿನ ಗಾಡಿಗಳು ರಸ್ತೆಯಲ್ಲಿರುತ್ತವೆ. ಅವು ಕಾಣುವುದು ತೀರ ಹತ್ತಿರ ಬಂದ ಮೇಲೆ.

ಎದುರಿನ ಬೆಳಕು ಬಿದ್ದಾಗ ಅದನ್ನು ನೋಡಬೇಡಿ. ನೋಟವನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ಇಳಿಸಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಗಾಡಿ ದಾಟುವ ತನಕ ಆ ಗೆರೆ ಹಿಡಿದು ಹೋಗಿ. ಎದುರಿನವರು ಹೈಬೀಮ್ ಇಳಿಸದಿದ್ದರೂ ನೀವು ಇಳಿಸಿ, ಇಬ್ಬರಿಗೂ ಕಣ್ಣು ಕಟ್ಟಿದರೆ ರಸ್ತೆ ಕಾಣುವವರು ಯಾರೂ ಉಳಿಯುವುದಿಲ್ಲ. ಒಳಗಿನ ಕನ್ನಡಿಯ ಕೆಳಗಿನ ಸಣ್ಣ ಕೀಲಿಯನ್ನು ತಿರುಗಿಸಿದರೆ ಹಿಂದಿನ ಗಾಡಿಯ ಬೆಳಕು ಮಂಕಾಗುತ್ತದೆ. ಮುಂದಿನ ಗಾಜನ್ನು ಹೊರಗೆ ಒರೆಸುವವರು ಒಳಗೆ ಒರೆಸುವುದಿಲ್ಲ. ಒಳಮೈಯ ಎಣ್ಣೆಯಂಥ ತೆಳುಪೊರೆಯೇ ಎದುರಿನ ಬೆಳಕನ್ನು ಹರಡಿ ಇಡೀ ಗಾಜು ಬೆಳ್ಳಗೆ ಮಾಡುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ, ಆಮೇಲೆ ಹಳೆಯ ಸುದ್ದಿಪತ್ರಿಕೆಯಲ್ಲಿ ಒಳಗಿನಿಂದ ಒರೆಸಿ. ಇಷ್ಟಾದ ಮೇಲೂ ಬೆಳಕಿನ ಸುತ್ತ ಉಂಗುರ ಕಾಣುತ್ತಿದ್ದರೆ ಕಣ್ಣು ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ರಾತ್ರಿ ಓಡಿಸಬೇಡಿ.